ಕಾಣೆಯಾದ ‘ಲಾ’

“ಇದನ್ನ ನಾನು ಬರೆದಿದೀನಿ ಅಂತೀರಾ?”

ಮುಖ್ತಾರ್ ಲಬೀಬ್ ಕನ್ನಡಕವನ್ನು ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ತಂದರು. ಕಾಗದದ ಮೇಲೆ ಕಂಪ್ಯೂಟರ್ ಕೋಡಿನ ಕೆಲವೇ ಸಾಲುಗಳು. ಕೊನೆಯಲ್ಲಿ ಬರೆದವರ ಹೆಸರು: ಮುಖ್ತಾರ್ ಲಬೀಬ್.

“ನಾನು ಅನ್ನಲ್ಲ ಉಸ್ತಾಝ್. ಕೆಳಗಿರೋ ಹೆಸರು ಅನ್ನುತ್ತೆ,” ಎಂದರು ಬಹೀಜಾ ವಹ್ದಾನ್.

ಬಹೀಜಾ ಕೈರೋದ ನ್ಯಾಯಾಲಯಗಳಿಗಾಗಿ ಖೋಟಾ ಸಹಿ, ಖೋಟಾ ಉಯಿಲುಗಳನ್ನು ಹಿಡಿಯುತ್ತ ಅರ್ಧ ಆಯುಷ್ಯ ಕಳೆದ ಹೆಂಗಸು. ನಿವೃತ್ತಿಯಾದ ಮೇಲೆ ಅದೇ ಕೆಲಸವನ್ನು ಸ್ವಂತಕ್ಕೆ ಹಿಡಿದಿದ್ದರು. ಕೋಡ್ ಓದಲು ಅವರಿಗೆ ಬರುತ್ತಿರಲಿಲ್ಲ. ಆದರೆ ಎದುರಿಗೆ ಕುಳಿತವರ ಮುಖ ಓದುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ.

ಈಗ ಅವರೆದುರಿಗಿದ್ದ ಮುಖದಲ್ಲಿ ಹೆದರಿಕೆ ಇರಲಿಲ್ಲ. ಕೋಪವಿತ್ತು.

ದವಾಯಾ ಕಂಪನಿಯ ಹೊಸ ಪ್ರೋಗ್ರಾಂ ಜನರ ಬರಹದಿಂದ ‘ಲಾ’ ಎಂಬ ಪದವನ್ನು ನುಂಗುತ್ತಿದೆ ಎಂಬ ಸುದ್ದಿ ಪತ್ರಿಕೆಗಳಿಗೆ ಬಿದ್ದು ವಾರವಾಗಿತ್ತು. ಅರಬ್ಬಿಯಲ್ಲಿ ಲಾಮ್ ಎಂಬ ಅಕ್ಷರವನ್ನು ಅಲಿಫ್ ಎಂಬ ಅಕ್ಷರ ಅಪ್ಪಿಕೊಂಡರೆ ‘ಲಾ’. ಲಾ ಎಂದರೆ ಇಲ್ಲ, ಬೇಡ, ಕೂಡದು. ಅದೊಂದು ಮಾಯವಾದರೆ ‘ಕೊಡಕೂಡದು’ ಎಂದು ಬರೆದದ್ದು ‘ಕೊಡು’ ಎಂದಾಗುತ್ತದೆ. ಒಂದು ಆಸ್ಪತ್ರೆಯಲ್ಲಿ ಹಾಗೆಯೇ ಆಗಿತ್ತು. ಹಸುಗೂಸಿಗೆ ಕೊಡಬಾರದ ಔಷಧವನ್ನು ಕೊಡಿ ಎಂದು ಡಾಕ್ಟರರ ಬರಹ ಫೋನಿನಲ್ಲಿ ಕಾಣಿಸಿತ್ತು. ಅನುಮಾನ ಬಂದ ನರ್ಸ್ ಡಾಕ್ಟರರನ್ನೇ ಕೇಳಿದ್ದರಿಂದ ಮಗು ಉಳಿಯಿತು.

ರಬಾತ್‌ನಿಂದ ಮಸ್ಕತ್‌ವರೆಗೆ ಅರಬ್ಬಿ ಟೈಪ್ ಮಾಡುವ ದವಾಯಾ ಪ್ರೋಗ್ರಾಂ ಇಲ್ಲದ ಕಚೇರಿಯಿಲ್ಲ, ಕೋರ್ಟಿಲ್ಲ, ಪತ್ರಿಕೆಯಿಲ್ಲ. ಆದರೆ ಅದು ಓಡುತ್ತಿದ್ದದ್ದು ದವಾಯಾ ಮಾರುವ ಯಂತ್ರಗಳಲ್ಲಿ ಮಾತ್ರ, ಅದೂ ದವಾಯಾ ಕೊಡುವ ಕೀಲಿಯನ್ನು ಹಿಂದೆ ಸಿಕ್ಕಿಸಿದರೆ ಮಾತ್ರ. ಈ ವರ್ಷ ಮುಖ್ಯಸ್ಥೆಯಾಗಿ ಬಂದ ಶಾಹೀರಾ ಕಂದೀಲ್ ಆ ಕೀಲಿಯನ್ನೇ ಕಿತ್ತೆಸೆಯಲು ಹೊರಟಳು. ಯಾರ ಕಂಪ್ಯೂಟರಾದರೂ ಸರಿ, ಯಾವ ಫೋನಾದರೂ ಸರಿ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ ಆದರೂ ಸರಿ, ದವಾಯಾ ಅಲ್ಲೆಲ್ಲ ಓಡಬೇಕು. ನಮ್ಮ ಬರಹವನ್ನು ಹೇಗೆ ಓದಬೇಕೆಂಬ ಗುಟ್ಟನ್ನೂ ಜಗತ್ತಿಗೆ ಹೇಳಿಬಿಡೋಣ ಎಂದಳು. ಕೀರಲ್ಲೋಸ್ ಎಂಬ ಎಂಜಿನಿಯರ್ ಆ ಹೊಸ ಪ್ರೋಗ್ರಾಂ ಬರೆದ. ಅದು ಹೊರಬಿದ್ದ ಬೆನ್ನಲ್ಲೇ ‘ಲಾ’ ಕಾಣೆಯಾಗತೊಡಗಿತು. ಕೀರಲ್ಲೋಸ್‌ನನ್ನು ಮನೆಗೆ ಕಳಿಸಿದರು. ಶಾಹೀರಾ ಬಹೀಜಾರನ್ನು ಕರೆಸಿದಳು.

ಇಂದು ಮಧ್ಯಾಹ್ನ ನಿರ್ದೇಶಕರ ಸಭೆ. ಹೊಸ ಪ್ರೋಗ್ರಾಂ ಹೂಳುವುದಕ್ಕೆ.

“ಎಲ್ಲರೂ ಓದಿದೋನದೇ ತಪ್ಪು ಅಂದ್ರು,” ಬಹೀಜಾ ಹೇಳಿದರು. “ಹಳೇ ಯಂತ್ರದಲ್ಲಿ ‘ಲಾ’ ಕಾಣುತ್ತೆ, ಹೊಸ ಪ್ರೋಗ್ರಾಂನಲ್ಲಿ ಕಾಣಲ್ಲ, ಹಾಗಾಗಿ ಹೊಸದೇ ಕಳ್ಳ ಅಂತ. ಆದ್ರೆ ಚಳಿಗಾಲದಲ್ಲಿ ಟೈಪ್ ಮಾಡಿದ ಕಾಗದಪತ್ರ ಹೊಸ ಪ್ರೋಗ್ರಾಂನಲ್ಲಿ ತೆರೆದ್ರೆ ‘ಲಾ’ ನೆಟ್ಟಗೆ ಕೂತಿದೆ. ಈಚೆಗೆ ಟೈಪ್ ಮಾಡಿದ್ರಲ್ಲಿ ಮಾತ್ರ ಇಲ್ಲ. ಅಂದ್ರೆ ತಪ್ಪು ಓದಿದೋನದಲ್ಲ, ಬರೆದೋನದು.”

“ಹಳೇ ಪ್ರೋಗ್ರಾಂದಾ?”

“ಅದರ ಹೊಸ ಅಪ್‌ಡೇಟ್‌ದು. ಅದು ‘ಲಾ’ ಬಂದಾಗ ಎರಡು ಅಕ್ಷರ ಬರೆಯೋ ಬದಲು ತನಗೊಂದಕ್ಕೇ ಗೊತ್ತಿರೋ ಒಂದು ಗುಟ್ಟಿನ ಗುರುತು ಇಟ್ಟುಬಿಡುತ್ತೆ. ಹಳೇ ಯಂತ್ರಕ್ಕೆ ಆ ಗುರುತು ಗೊತ್ತು, ‘ಲಾ’ ಅಂತ ತೋರಿಸುತ್ತೆ. ಬೇರೆಯವಕ್ಕೆ ಗೊತ್ತಿಲ್ಲ, ಖಾಲಿ ಬಿಡ್ತವೆ. ‘ಸಲಾಂ’ ಅನ್ನೋದ್ರೊಳಗಿನ ‘ಲಾ’ ಮುಟ್ಟಿಲ್ಲ. ಒಂಟಿಯಾಗಿ ನಿಂತಿರೋದನ್ನ ಮಾತ್ರ ಹೆಕ್ಕಿ ತಗೊಂಡಿದೆ. ಯಂತ್ರದ ಮರೆವು ಹೀಗೆ ಆರಿಸಲ್ಲ ಉಸ್ತಾಝ್.”

ದವಾಯಾದ ಅಕ್ಷರ ವಿಭಾಗದ ಹಿರಿಯ ಮುಖ್ತಾರ್ ಮತ್ತೆ ಕಾಗದ ನೋಡಿದರು. ಈ ಅಕ್ಷರಗಳಿಗೆ ಕಂಪ್ಯೂಟರ್ ಒಳಗೆ ಕೈ ಕೈ ಹಿಡಿದು ನಿಲ್ಲುವುದನ್ನು ಕಲಿಸಿದವರು ಅವರೇ. ಇಂದಿಗೂ ಮೇಜಿನ ಮೇಲೆ ಲೆಕ್ಕಣಿಕೆಯ ಜೊಂಡು, ಮಸಿ, ಕಿಟಕಿಯಲ್ಲಿ ಒಂದು ಕುಂಟು ಬೆಕ್ಕು.

ಆರನೆಯ ಸಾಲಿಗೆ ಬಂದು ಅವರ ಬೆರಳು ನಿಂತಿತು. ಮುಂದಿನ ಕ್ಷಣ ಅವರು ಗಹಗಹಿಸಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಬೆಕ್ಕು ಕಿಟಕಿಯಿಂದಿಳಿದು ಹೋಯಿತು.

“ಏನಾಯ್ತು?”

“ಈ ಕತ್ತೆ ಏನು ಬರೆದಿದಾನೆ ಗೊತ್ತಾ? ಲಾಮ್‌ಗೂ ಅಲಿಫ್‌ಗೂ ನಡುವೆ ಗೆರೆ ಎಳೆದು ಉದ್ದ ಮಾಡಿದ್ರೆ, ಆಗ್ಲೂ ಆ ಗುಟ್ಟಿನ ಗುರುತೇ ಹಾಕು ಅಂತ.”

“ಸಾಲು ತುಂಬಿಸೋಕೆ ಅಕ್ಷರ ಎಳೀತಾರಲ್ಲ?”

“ಬೇರೆ ಅಕ್ಷರ ಎಳೀತಾರೆ ಮೇಡಂ. ಲಾಮ್-ಅಲಿಫ್ ಎಳೆಯಲ್ಲ! ಅಪ್ಪಿಕೊಂಡೋರ ಮಧ್ಯೆ ಯಾರಾದ್ರೂ ಹಗ್ಗ ಕಟ್ತಾರಾ? ನನ್ನ ಗುರುಗಳು ನೋಡಿದ್ರೆ ಕೈ ಮುರೀತಿದ್ರು. ನನ್ನ ಬೇಕಾದ್ರೆ ಕಳ್ಳ ಅನ್ನಿ, ಒಪ್ಕೋತೀನಿ. ಇದನ್ನ ಬರೆದೋನು ಅನ್ಬೇಡಿ.”

ಬಹೀಜಾ ನಿಧಾನವಾಗಿ ಕಾಗದ ಹಿಂತೆಗೆದುಕೊಂಡರು. ಖೋಟಾ ಸಹಿ ಹಾಕುವವನು ಎಲ್ಲ ಸರಿಯಾಗಿ ಬರೆದು, ಕೊನೆಗೆ ಬೇಡದ ಒಂದು ಸುಳಿ ಸೇರಿಸುತ್ತಾನೆ. ಈ ಆರನೆಯ ಸಾಲು ಅಂಥದೇ ಸುಳಿ. ಅಕ್ಷರ ಬಲ್ಲವನಂತೆ ನಟಿಸಿದ ಒಬ್ಬ ಅಕ್ಷರ ಅರಿಯದವನು ಇಲ್ಲಿದ್ದಾನೆ.

“ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?”

ಮುಖ್ತಾರ್ ತುಸು ನಾಚಿ, ಕೀಬೋರ್ಡನ್ನು ಮಗುಚಿ ತೋರಿಸಿದರು. ಹಿಂಬದಿಗೆ ಚೀಟಿ ಅಂಟಿಸಿತ್ತು. ಅದನ್ನು ಅವರು ಅಂದವಾದ ಕೈಬರಹದಲ್ಲಿ ಬರೆದಿದ್ದರು.

“ಅಂದ್ರೆ ಇಡೀ ಮಹಡಿಗೆ,” ಎಂದು ಬಹೀಜಾ ಎದ್ದರು.

*

ಶಾಹೀರಾಳ ಕೋಣೆಯ ಗಾಜಿನ ಮೇಲೆ ಮರುಭೂಮಿಯ ಖಮಾಸೀನ್ ಬಿಸಿಗಾಳಿಯ ಧೂಳು ದಪ್ಪಗೆ ಕುಳಿತಿತ್ತು. ಹೊರಗೆ ದೊಕ್ಕಿ ಬಡಾವಣೆಯ ರಸ್ತೆ, ಹಾರನ್ನುಗಳು, ಅದರಾಚೆ ಮಬ್ಬಾದ ನೈಲ್. ಕೀರಲ್ಲೋಸ್ ಹಿಂಬಾಗಿಲಿನಿಂದ ಬಂದು ಮೂಲೆಯಲ್ಲಿ ಕುಳಿತಿದ್ದ. ಗಡ್ಡ ಬೆಳೆದಿತ್ತು. ಕೈಯಲ್ಲಿ ತಾಮಿಯ್ಯಾ ವಡೆ ತುಂಬಿದ ರೊಟ್ಟಿ; ಅದನ್ನು ಕಚ್ಚುವುದನ್ನೇ ಮರೆತು ಕಂಪ್ಯೂಟರ್ ನೋಡುತ್ತಿದ್ದ.

“ತಿನ್ನಪ್ಪಾ ಎಂಜಿನಿಯರ್ ಸಾಹೇಬ. ಹೊಟ್ಟೆಗಿಲ್ಲದ ಎಂಜಿನಿಯರನ್ನ ನಂಬೋಕಾಗಲ್ಲ,” ಎಂದರು ಬಹೀಜಾ.

“ಮುಖ್ತಾರ್ ಸಾರ್ ಅಲ್ಲ ತಾನೇ?” ಅವನು ಕೇಳಿದ. ಅವನಿಗೆ ಅಕ್ಷರ ಕಲಿಸಿದವರು ಅವರು.

“ಅಲ್ಲ.”

ಅವನು ಕಣ್ಣು ಮುಚ್ಚಿ ಉಸಿರು ಬಿಟ್ಟ. ಆಮೇಲೆ ರೊಟ್ಟಿಯನ್ನು ಕಚ್ಚಿದ.

“ಹಾಗಾದ್ರೆ ವಫೀಕ್,” ಎಂದಳು ಶಾಹೀರಾ. “ಬೇರೆ ಯಾರು?”

ವಫೀಕ್ ಸರ್ಹಾನ್ ಹಳೆಯ ಯಂತ್ರ ಮತ್ತು ಕೀಲಿಗಳ ವ್ಯಾಪಾರದ ದೊರೆ. ಶಾಹೀರಾ ಸೋತರೆ ಅವಳ ಕುರ್ಚಿ ಅವನದು. ಕೀರಲ್ಲೋಸ್‌ನನ್ನು ಮೊದಲು ಬೊಟ್ಟುಮಾಡಿ ತೋರಿಸಿದವನೂ ಅವನೇ.

“ಅವನೇ ಅಂತ ನಂಗೂ ಅನ್ಸುತ್ತೆ. ಅನ್ಸೋದನ್ನ ಸಭೆ ಮುಂದೆ ಇಡೋಕಾಗಲ್ಲ ಮಗಳೇ. ಆ ಸಾಲು ಬರೆದ ಕೈ ಅವನದು ಅನ್ನೋಕೆ ಏನಿದೆ?”

ಶಾಹೀರಾ ಕಿಟಕಿಯಿಂದ ಬಗ್ಗಿ ನೋಡಿದಳು. ಸಭೆಗೆ ಬರುವವರ ಕಾರುಗಳು ಕೆಳಗೆ ನಿಲ್ಲತೊಡಗಿದ್ದವು.

ಮೊನ್ನೆ ಶಾಹೀರಾ ಒಂದು ಹುಚ್ಚು ಕೆಲಸ ಮಾಡಿದ್ದಳು. ವಕೀಲರು ತಲೆ ಚಚ್ಚಿಕೊಳ್ಳುತ್ತಿದ್ದಂತೆಯೇ ಹೊಸ ಪ್ರೋಗ್ರಾಂನ ಕೋಡನ್ನು ಪೂರ್ತಿ ಜಗತ್ತಿನ ಮುಂದಿಟ್ಟು, ‘ನಮ್ಮಲ್ಲಿ ತಪ್ಪಾಗಿದೆ, ಹುಡುಕಲು ಕೈಜೋಡಿಸಿ’ ಎಂದು ಬರೆದಿದ್ದಳು. ಬಾಗಿಲು ಮುಚ್ಚಿಯೇ ಬೆಳೆದ ಕಂಪನಿಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮೊದಲು ಬಂದದ್ದು ಬೈಗುಳ. ಆಮೇಲೆ ನೆರವು. ಹಳೆಯ ಕಾಗದಪತ್ರಗಳನ್ನು ತೆರೆದು ನೋಡಿ ಎಂದು ಸುಳಿವು ಕೊಟ್ಟದ್ದು ಮೋಸುಲ್‌ನ ಒಬ್ಬ ವಿದ್ಯಾರ್ಥಿ. ಉಮ್ದುರ್ಮಾನ್‌ನ ಮುದ್ರಣಾಲಯದವನೊಬ್ಬ ನೂರಾರು ಪುಟ ತಿರುವಿಹಾಕಿ, ಒಂಟಿ ‘ಲಾ’ ಮಾತ್ರ ಹೋಗುತ್ತಿದೆ ಎಂದು ತೋರಿಸಿದ್ದ. ಒಬ್ಬರ ಮುಖ ಇನ್ನೊಬ್ಬರು ನೋಡದವರು.

“ಇದು ಈಗ ಬಂತು,” ಎಂದ ಕೀರಲ್ಲೋಸ್ ಇದ್ದಕ್ಕಿದ್ದಂತೆ. “ಟುನೀಶಿಯಾದ ಸ್ಫಾಕ್ಸ್‌ನಿಂದ. ದಲೀಲಾ ಅಂತ, ಶಾಲಾ ಟೀಚರ್. ಅವರ ಪ್ರಶ್ನೆಪತ್ರಿಕೆಯಲ್ಲಿ ‘ಪೆನ್ಸಿಲಿನಲ್ಲಿ ಬರೆಯಬಾರದು’ ಅಂತಿತ್ತಂತೆ. ಮಕ್ಕಳ ಫೋನ್‌ನಲ್ಲಿ ‘ಬಾರದು’ ಅನ್ನೋದೇ ಮಾಯವಾಗಿದೆ. ಇಡೀ ಕ್ಲಾಸು ಪೆನ್ಸಿಲಲ್ಲಿ ಬರೆದಿದೆ.”

“ಪಾಪ. ಅದೇ ಕಾಯಿಲೆ.”

“ಕಾಯಿಲೆ ಅದೇ ಮೇಡಂ, ದಿನ ಬೇರೆ!” ಅವನು ಎದ್ದು ನಿಂತ. ರೊಟ್ಟಿ ಕೆಳಗೆ ಬಿತ್ತು. “ಮುಖ್ತಾರ್ ಸಾರ್ ಹೆಸರಲ್ಲಿ ಆ ಸಾಲುಗಳು ನಮ್ಮ ಹಳೇ ಪ್ರೋಗ್ರಾಂಗೆ ಸೇರಿದ್ದು ವಸಂತದ ಹಬ್ಬ ಆದ್ಮೇಲೆ. ಈ ಪ್ರಶ್ನೆಪತ್ರಿಕೆ ಬರೆದಿದ್ದು ಹಬ್ಬಕ್ಕೆ ಮುಂಚೆ. ಆ ಸಾಲು ಇನ್ನೂ ಎಲ್ಲೂ ಇರಲೇ ಇಲ್ಲ.”

“ಹಾಗಾದ್ರೆ ಅವಳಿಗೆಲ್ಲಿಂದ ಬಂತು?”

“ಟುನಿಸ್ ಪುಸ್ತಕ ಮೇಳದಲ್ಲಿ ಶಾಲೆಗಳಿಗೆ ಕಾಣಿಕೆ ಅಂತ ಹಳೇ ಪ್ರೋಗ್ರಾಂನ ಹೊಸ ಅಪ್‌ಡೇಟ್ ಇರೋ ಡಿಸ್ಕ್ ಹಂಚಿದ್ರಂತೆ. ಅದರ ಫೋಟೋ ಕಳಿಸಿದಾರೆ. ನೋಡಿ.”

ಡಿಸ್ಕಿನ ಡಬ್ಬಿಯ ಮೇಲೆ ಹಸಿರು ಶಾಯಿಯಲ್ಲಿ ಒಂದು ಸಾಲು ಶುಭಾಶಯ. ಕೆಳಗೆ ದೊಡ್ಡದಾಗಿ, ಬಾಲ ತಿರುವಿ, ಒಂದು ಸಹಿ.

ಬಹೀಜಾರ ಮುಖ ಅರಳಿತು.

“ಸಹಿ!” ಎಂದರು. “ಇಷ್ಟು ದಿನ ನೀವೆಲ್ಲ ನಿಮ್ಮ ಭಾಷೆಲಿ ಮಾತಾಡ್ತಿದ್ರಿ. ಈಗ ನನ್ನ ಭಾಷೆಗೆ ಬಂದ್ರಿ.”

*

ದುರ್ರಿಯಾ ಹಾನಿಂ ಉದ್ದನೆಯ ಮೇಜಿನ ತುದಿಯಲ್ಲಿ ಸಿಗರೇಟು ಹಚ್ಚಿದರು. ದವಾಯಾ ಕಟ್ಟಿದ ಮಹಾನುಭಾವನ ವಿಧವೆ, ಸಭೆಯ ಅಧ್ಯಕ್ಷೆ, ಎಲ್ಲರಿಗೂ ‘ಹಾನಿಂ’, ಅಂದರೆ ಅಮ್ಮಾವ್ರು. ಇಲ್ಲಿ ಸೇದಬಾರದೆಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ವಫೀಕ್ ಸರ್ಹಾನ್ ಮಾತು ಮುಗಿಸುತ್ತಿದ್ದ. ಬೂದು ಸೂಟು, ನುಣ್ಣನೆಯ ದನಿ.

“...ನಮ್ಮ ಮನೆ ಬಾಗಿಲು ನಾವೇ ಕಿತ್ತು ಬೀದಿಗೆ ಎಸೆದ್ವಿ, ಹಾನಿಂ. ಫಲ ಏನಾಯ್ತು? ಒಂದು ಹಸುಗೂಸಿನ ಜೀವ ಕೂದಲೆಳೆಯಲ್ಲಿ ಉಳೀತು. ಕೀರಲ್ಲೋಸ್ ಒಳ್ಳೆ ಹುಡುಗ, ಅನುಭವ ಇಲ್ಲ. ಶಾಹೀರಾ ಮೇಡಂ ಉದ್ದೇಶ ಒಳ್ಳೇದೇ. ಆದ್ರೆ ದವಾಯಾ ದವಾಯಾ ಯಂತ್ರದಲ್ಲೇ ಇರ್ಲಿ. ಅಷ್ಟೇ ನನ್ನ ಕೋರಿಕೆ.”

ಹಲವರು ತಲೆದೂಗಿದರು. ಶಾಹೀರಾ ಬಹೀಜಾರ ಕಡೆ ನೋಡಿದಳು. ಬಾಗಿಲ ಬಳಿ ಕುಳಿತಿದ್ದ ಬಹೀಜಾ ಕೈಯೆತ್ತಿದರು.

“ಒಂದು ಸಣ್ಣ ಪ್ರಶ್ನೆ ಕೇಳ್ಲಾ ವಫೀಕ್ ಬೇ? ಟುನಿಸ್ ಮೇಳದಲ್ಲಿ ನಿಮ್ಮ ಕಾಣಿಕೆ ಡಿಸ್ಕ್ ಬಗ್ಗೆ ಎಲ್ಲರೂ ಹೊಗಳ್ತಾರೆ. ಅದನ್ನ ಮಾಡಿದ್ದು ಕೀರಲ್ಲೋಸ್ ಅಂತೆ, ಹೌದಾ?”

ವಫೀಕ್ ಹುಬ್ಬೇರಿಸಿದ. “ಯಾರು ಹೇಳಿದ್ದು? ಅವನಿಗೂ ಅದಕ್ಕೂ ಏನು ಸಂಬಂಧ?”

“ಹಾಗಾದ್ರೆ ಮುಖ್ತಾರ್ ಸಾರ್ ವಿಭಾಗದೋರು?”

“ಅವರು ಯಾರೂ ಮುಟ್ಟಿಲ್ಲ. ನನ್ನ ಸ್ವಂತ ಕೆಲಸ ಅದು. ನನ್ನ ಕಂಪ್ಯೂಟರಲ್ಲೇ ಮಾಡಿದ್ದು, ಪ್ರತಿಯೊಂದಕ್ಕೂ ನಾನೇ ಸಹಿ ಹಾಕಿದ್ದು.”

“ಖುದ್ದು?”

“ಖುದ್ದು!”

“ಎಷ್ಟು ಚೆನ್ನಾಗಿ ಹೇಳಿದ್ರಿ,” ಎಂದು ಬಹೀಜಾ ಎದ್ದು ಬಂದು, ಸ್ಫಾಕ್ಸ್‌ನ ಫೋಟೋವನ್ನು ಮೇಜಿನ ಮೇಲಿಟ್ಟರು. “ಸಹಿ ನಿಮ್ಮದು ಅಂತ ಸಾಬೀತು ಮಾಡೋ ಕೆಲಸ ತಪ್ಪಿತು. ಈ ಡಿಸ್ಕಲ್ಲೂ ‘ಲಾ’ ನುಂಗೋ ಸಾಲಿದೆ ವಫೀಕ್ ಬೇ. ಗುಟ್ಟಿನ ಗುರುತು ಅದೇ. ಹಬ್ಬ ಆದ್ಮೇಲೆ ಮುಖ್ತಾರ್ ಸಾರ್ ಹೆಸರಲ್ಲಿ ಹುಟ್ಟಿದ ಪಾಪ, ಹಬ್ಬಕ್ಕೆ ಮುಂಚೆ ನಿಮ್ಮ ಕೈಗೆ ಹೇಗೆ ಬಂತು?”

ದುರ್ರಿಯಾ ಹಾನಿಂ ಫೋಟೋವನ್ನು ವಫೀಕ್‌ನ ಕಡೆಗೆ ಸರಿಸಿದರು.

ವಫೀಕ್ ಫೋಟೋ ನೋಡಿದ. ನಕ್ಕ. ನಗು ಅರ್ಧಕ್ಕೇ ಒಣಗಿತು.

“ಇದು... ಯಾರೋ ಸ್ಕೂಲ್ ಟೀಚರ್ ಮಾತು ಕಟ್ಕೊಂಡು...”

“ಟೀಚರ್ ಡಿಸ್ಕನ್ನೇ ಕಾಪಿ ಮಾಡಿ ಕಳಿಸಿದಾರೆ. ಆಗಲೇ ನಾಲ್ಕು ಊರಿನವರು ತೆರೆದು ನೋಡಿದಾರೆ. ನಿಮ್ಮ ಆರನೇ ಸಾಲು ನೋಡಿ ಒಬ್ಬರು ಇನ್ನೂ ನಗ್ತಾನೇ ಇದಾರೆ.”

ಮೇಜಿನ ಆಚೆ ಕಡೆ ಮುಖ್ತಾರ್ ಲಬೀಬ್ ಗಂಭೀರವಾಗಿ ಕೆಮ್ಮಿದರು.

“ಟುನಿಸ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ರಿ,” ಬಹೀಜಾ ಮುಂದುವರಿಸಿದರು. “ಯಾರಿಗೂ ಗೊತ್ತಾಗ್ಲಿಲ್ಲ. ಇಲ್ಲಿಗೆ ಬಂದು ಉಸ್ತಾಝ್ ಕೀಬೋರ್ಡ್ ತಿರುಗಿಸಿ ಅವರ ಹೆಸರಲ್ಲೇ ಒಳಗೆ ಸೇರಿಸಿದ್ರಿ. ಎಲ್ಲ ಬಿಡಿ. ಆ ಮಗು ವಿಷಯ ಕೇಳಿದಾಗ ಏನನ್ನಿಸ್ತು ನಿಮಗೆ?”

“ಅದು ನಂಗೆ ಗೊತ್ತಿರ್ಲಿಲ್ಲ!” ಅವನು ಕೂಗಿದ. ನುಣುಪು ಹರಿದುಹೋಯಿತು. “ಏನೋ ಪತ್ರ, ಏನೋ ಜಾಹೀರಾತು ಕೆಡುತ್ತೆ ಅಂದ್ಕೊಂಡಿದ್ದೆ. ಆಸ್ಪತ್ರೆ ತನಕ ಹೋಗುತ್ತೆ ಅಂತ... ನೀವ್ಯಾರೂ ಯೋಚನೆ ಮಾಡಲ್ಲ! ಕೀಲಿ ಕೊಟ್ಟುಬಿಟ್ರೆ ಈ ಮನೆ ಯಾರದು? ನಾಳೆ ಯಾರ್ ಬೇಕಾದ್ರೂ ನಮ್ಮ ಅಕ್ಷರ ತಗೊಂಡು ಹೋಗ್ತಾರೆ. ದವಾಯಾನ ಉಳಿಸೋಕೆ ಮಾಡಿದ್ದು ನಾನು!”

ದುರ್ರಿಯಾ ಹಾನಿಂ ಸಿಗರೇಟನ್ನು ತಟ್ಟೆಯಲ್ಲಿ ಹೊಸಕಿದರು.

“ನನ್ನ ಗಂಡ ಈ ಕಂಪನಿಗೆ ದವಾಯಾ, ಅಂದ್ರೆ ಮಸಿಕುಡಿಕೆ ಅಂತ ಯಾಕೆ ಹೆಸರಿಟ್ರು ಗೊತ್ತೇನೋ?” ಎಂದು ಕೇಳಿದರು. ದನಿ ಏರಿಸಲಿಲ್ಲ. “ಮಸಿ ಇರೋದು ಬರೆಯೋಕೆ. ಬೀಗ ಹಾಕಿಟ್ರೆ ಒಣಗುತ್ತೆ. ಕೀಲಿ ಇಟ್ಟಿದ್ದು ಅವರೇ ನಿಜ, ಆಗ ಕಳ್ಳರ ಕಾಟ ಇತ್ತು. ಸಾಯೋ ಮುಂಚೆ ಅವರೇ ಅದನ್ನ ತೆಗೀತಿದ್ರೇನೋ, ನನಗೆ ಗೊತ್ತಿಲ್ಲ. ಆದ್ರೆ ‘ಕೂಡದು’ ಅನ್ನೋ ಮಾತನ್ನ ಜನರ ಬಾಯಿಂದ ಕದಿಯೋನು ನನ್ನ ಮೇಜಲ್ಲಿ ಕೂರಕೂಡದು. ಏಳು.”

ವಫೀಕ್ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ. ಕಾವಲಿನವರು ಅವನನ್ನು ಹೊರಗೆ ಕರೆದೊಯ್ದರು.

“ಬಾಗಿಲು ತೆರೆಯೋದಕ್ಕೆ ಒಪ್ಪಿಗೆ ಇರೋರು ಕೈಯೆತ್ತಿ,” ಎಂದರು ಹಾನಿಂ. ಮೊದಲು ಎದ್ದದ್ದು ಅವರದೇ ಬಳೆಯ ಕೈ. ಆಮೇಲೆ ಒಂದೊಂದಾಗಿ ಎಲ್ಲ.

*

ಅಕ್ಷರ ವಿಭಾಗದ ದೊಡ್ಡ ಕೋಣೆಯಲ್ಲಿ ಸುದ್ದಿ ಮುಟ್ಟಿದಾಗ ಹೆಂಗಸರು ನಾಲಗೆ ಹೊರಳಿಸಿ ಮದುವೆಮನೆಯ ಉಲಿ ಹಾಕಿದರು. ಕೀರಲ್ಲೋಸ್‌ನನ್ನು ಹುಡುಗರು ಹೆಗಲ ಮೇಲೆ ಎತ್ತಿಕೊಂಡರು. ತಲೆ ದೀಪಕ್ಕೆ ಬಡಿಯಿತು.

“ಇಳಿಸ್ರೋ! ಕೆಲಸ ಇದೆ!” ಎಂದು ಅವನು ನಗುತ್ತ ಕಿರುಚಿದ.

ಇಳಿದವನೇ ಕಂಪ್ಯೂಟರ್ ಮುಂದೆ ಕುಳಿತ. ಹಳೆಯ ಪ್ರೋಗ್ರಾಂನಿಂದ ವಫೀಕ್‌ನ ಸಾಲುಗಳನ್ನು ಕಿತ್ತುಹಾಕಿದ. ಈಗಾಗಲೇ ಕೆಟ್ಟುಹೋದ ಬರಹಗಳಲ್ಲಿ ಗುಟ್ಟಿನ ಗುರುತನ್ನು ಗುರುತಿಸಿ ‘ಲಾ’ವನ್ನು ಮತ್ತೆ ಕೂರಿಸುವ ಉಪಾಯವನ್ನು ಮೋಸುಲ್‌ನ ವಿದ್ಯಾರ್ಥಿ ಆಗಲೇ ಬರೆದು ಕಳಿಸಿದ್ದ. ಕೀರಲ್ಲೋಸ್ ಅದನ್ನು ಓದಿ, “ನನಗಿಂತ ಚೆನ್ನಾಗಿ ಬರೆದಿದಾನೆ, ಬಡ್ಡೀಮಗ,” ಎಂದು ಪ್ರೀತಿಯಿಂದ ಬೈದು, ಹಾಗೆಯೇ ಸೇರಿಸಿ ಹೊರಬಿಟ್ಟ.

ಆಸ್ಪತ್ರೆಯ ಬರಹವನ್ನು ಮುಖ್ತಾರ್ ತಮ್ಮ ಫೋನಿನಲ್ಲೇ ತೆರೆದರು. ಗಾಜು ಒಡೆದ, ಅಗ್ಗದ ಫೋನು. ‘ಲಾ’ ತನ್ನ ಜಾಗದಲ್ಲಿತ್ತು. ಲಾಮ್‌ನ ಬೆನ್ನು, ಅಲಿಫ್‌ನ ವಾಲು, ತಾವು ಹರೆಯದಲ್ಲಿ ಜೊಂಡಿನ ಲೆಕ್ಕಣಿಕೆಯಲ್ಲಿ ತಿದ್ದಿದಂತೆಯೇ, ಬಿರುಕಿನಾಚೆ ಹೊಳೆಯುತ್ತಿತ್ತು.

ಅವರು ಬಹಳ ಹೊತ್ತು ನೋಡಿದರು.

“ಇದು ನಮ್ಮ ಯಂತ್ರ ಅಲ್ಲ,” ಎಂದರು, ತಮಗೇ ಹೇಳಿಕೊಂಡಂತೆ.

“ಅಲ್ಲ ಸಾರ್. ಯಾರದೋ,” ಎಂದ ಕೀರಲ್ಲೋಸ್.

“ನನ್ನ ಅಕ್ಷರಕ್ಕೆ ಅದು ಗೊತ್ತೇ ಆಗಿಲ್ಲ ನೋಡು.” ಅವರು ಕನ್ನಡಕ ತೆಗೆದು ಒರೆಸಿದರು. ಕಣ್ಣೂ ಒರೆಸಿಕೊಂಡರು. “ಆ ಸ್ಫಾಕ್ಸ್ ಟೀಚರಮ್ಮನಿಗೆ ಬರಿ. ಮಕ್ಕಳಿಗೆ ಮಾರ್ಕ್ಸ್ ಕಡಿಮೆ ಮಾಡಬೇಡಿ ಅನ್ನು. ‘ಬೇಡಿ’ ನೆಟ್ಟಗೆ ಹೋಗಿದೆಯಾ ಅಂತ ನೋಡಿ ಕಳಿಸು.”

ಕೋಣೆಯೆಲ್ಲ ನಕ್ಕಿತು. ಶಾಹೀರಾ ತಂಪಾದ ಕರ್ಕದೇ ಪಾನಕದ ಲೋಟವನ್ನು ಎತ್ತಿ ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಯಾರೋ ಮೇಜು ತಟ್ಟಿ ತಾಳ ಹಾಕತೊಡಗಿದರು.

ಬಹೀಜಾರ ಫೋನು ಬಡಿದುಕೊಂಡಿತು. ಹಳೆಯ ಸಹೋದ್ಯೋಗಿ ನಸೀಫ್. ಈಗಲೂ ಕೋರ್ಟಿನ ದಾಖಲೆಗಳ ಪರೀಕ್ಷಕ.

“ಬಹೀಜಾ, ಟಿವಿಲಿ ನಿಮ್ಮ ಸುದ್ದಿ ನೋಡಿದೆ. ಮುಬಾರಕ್,” ಎಂದ ನಸೀಫ್. ದನಿಯಲ್ಲಿ ಸಂತೋಷವಿರಲಿಲ್ಲ. “ಆ ಕಳ್ಳನ ತಲೆ ಮೇಲೆ ಇನ್ನೊಂದು ಪಾಪ ಹಾಕು. ಒಂದು ತೀರ್ಪಲ್ಲಿ ‘ಬಿಡುಗಡೆ ಮಾಡಕೂಡದು’ ಅಂತಿದ್ದಿದ್ದು ‘ಮಾಡು’ ಅಂತಾಗಿ, ಬೆಳಗ್ಗೆ ಕೈದಿ ಜೈಲಿಂದ ಆರಾಮಾಗಿ ಹೊರಗೆ ನಡೆದು ಹೋಗಿದಾನೆ.”

ಬಹೀಜಾ ಗದ್ದಲದಿಂದ ದೂರ ಗೋಡೆಯ ಕಡೆ ತಿರುಗಿದರು. “ಜೈಲಿನವರು ಓದಿದ್ದು ಫೋನಲ್ಲೋ, ಕಾಗದದ ಮೇಲೋ?”

“ಕಾಗದ. ಕೋರ್ಟಿನ ಮೊಹರು ಇದೆ.”

“ಪ್ರಿಂಟ್ ಮಾಡಿದ್ದು?”

“ಕೋರ್ಟಲ್ಲೇ. ನಿಮ್ಮ ದವಾಯಾ ಯಂತ್ರದಿಂದ. ಹಳೇದು.”

ಬಹೀಜಾ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಹಳೆಯ ಯಂತ್ರದಲ್ಲಿ ಒಂದೇ ಒಂದು ‘ಲಾ’ವೂ ಕಾಣೆಯಾಗಿರಲಿಲ್ಲ. ಅದಕ್ಕೆ ಆ ಗುಟ್ಟಿನ ಗುರುತು ಗೊತ್ತಿತ್ತು. ವಫೀಕ್‌ನ ಕೆಲಸ ಕಾಗದದ ಮೇಲೆ ಕಾಣಿಸಲು ಸಾಧ್ಯವೇ ಇರಲಿಲ್ಲ. ಅಂದರೆ ಈ ‘ಲಾ’ವನ್ನು ಯಾವ ಪ್ರೋಗ್ರಾಂ ಕೂಡ ತಿಂದಿಲ್ಲ. ವಾರದಿಂದ ಎದ್ದ ಗಲಾಟೆಯ ಮರೆಯಲ್ಲಿ ನಿಂತು, ಯಾರೋ ತಮ್ಮ ಕೈಯಾರೆ ಅಳಿಸಿದ್ದಾರೆ.

“ನಸೀಫ್, ಹೊರಗೆ ಹೋದವನ ಹೆಸರೇನು?”

ಆ ಕಡೆ ಕಾಗದ ಸರಿಸಿದ ಸದ್ದು.

“ಕಂದೀಲ್. ಮಾಜಿದ್ ಕಂದೀಲ್. ಯಾಕೆ, ಗೊತ್ತಾ?”

ಬಹೀಜಾ ತಿರುಗಿ ನೋಡಿದರು. ಕುಣಿಯುವವರ ನಡುವೆ ಮೇಜಿನ ಮೇಲೆ ಶಾಹೀರಾ ಕಂದೀಲ್‌ಳ ಪಾನಕದ ಲೋಟ ಮಾತ್ರ ಇತ್ತು, ತುಟಿಗೆ ಸೋಕದೆ. ಹಿಂದಿನ ಮೆಟ್ಟಿಲಿನ ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.